ಎಂಟು ತಿಂಗಳು ನಿಂತ ಸ್ಪ್ರೇಯರ್ ಎಂಜಿನನ್ನು ಮತ್ತೆ ಚಾಲೂ ಮಾಡುವ ಬಗೆ

ಅಡಿಕೆ ಬೆಳೆಗಾರನ ವರ್ಷದಲ್ಲಿ ಮೇ ತಿಂಗಳ ಕೊನೆಯ ಹದಿನೈದು ದಿನಗಳಿಗೆ ವಿಶೇಷವಾದ ಬೆಲೆಯಿದೆ. ಕೊಳೆರೋಗವನ್ನು ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮೊದಲೇ ಮುಗಿಯತಕ್ಕದ್ದು. ಎರಡನೆಯದು 40ರಿಂದ 45 ದಿನಗಳ ನಂತರ. ಮಳೆ ಎಡೆಬಿಡದೆ ಮುಂದುವರಿದರೆ ಮೂರನೆಯದು. ಬೋರ್ಡೋ ದ್ರಾವಣವು ರೋಗ ಬಾರದಂತೆ ಕಾಯುವ ಔಷಧಿಯೇ ಹೊರತು ಬಂದ ರೋಗವನ್ನು ವಾಸಿಮಾಡುವುದಲ್ಲ. ಮರದ ಬುಡದಲ್ಲಿ ಉದುರಿದ ಹಸಿ ಕಾಯಿಗಳು ಕಾಣಿಸಿಕೊಂಡ ಮೇಲೆ ಹೊಡೆದ ಔಷಧಿಯಿಂದ ಉಳಿದ ಗೊನೆಗಳಿಗಷ್ಟೇ ರಕ್ಷಣೆ.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ ಕಾಲದಿಂದಲೂ ಔಷಧಿಯ ಪಾಕ ಹೆಚ್ಚು ಬದಲಾಗಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬದಲಾಗಿರುವುದು ಅದನ್ನು ಮರದ ತುದಿಗೆ ಮುಟ್ಟಿಸುವ ಸಾಧನ. ಕೈಯಿಂದ ಒತ್ತುವ ಪಂಪಿನ ಸ್ಥಳದಲ್ಲಿ ಇಂದು ಬಹುಪಾಲು ತೋಟಗಳಲ್ಲಿ ಪೆಟ್ರೋಲು ಎಂಜಿನ್ನಿನಿಂದ ಬೆಲ್ಟ್ ಮೂಲಕ ತಿರುಗುವ ಎಚ್.ಟಿ.ಪಿ. ಸ್ಪ್ರೇಯರ್ ಬಂದಿದೆ. ಈ ಯಂತ್ರಕ್ಕೆ ವರ್ಷದಲ್ಲಿ ಕೆಲಸವಿರುವುದು ಕೆಲವೇ ದಿನ. ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಕೊಟ್ಟಿಗೆಯ ಮೂಲೆ ಸೇರಿದರೆ ಮತ್ತೆ ಹೊರಬರುವುದು ಮೇ ತಿಂಗಳಲ್ಲಿ.

ಆ ದಿನ ನಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಾರಗಳ ಮುಂಚೆ ಹೇಳಿಟ್ಟ ಕೊನೆಗಾರ ಬೆಳಿಗ್ಗೆಯೇ ಬಂದಿದ್ದಾನೆ. ಪೀಪಾಯಿಯಲ್ಲಿ ದ್ರಾವಣ ಸಿದ್ಧವಾಗಿದೆ. ಒಬ್ಬರಾದ ಮೇಲೆ ಒಬ್ಬರು ಹಗ್ಗ ಎಳೆಯುತ್ತಾರೆ, ಎಂಜಿನು ಉಸಿರೆತ್ತುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಂಜಿನು ಪೇಟೆಯ ಮೆಕ್ಯಾನಿಕ್ಕನ ಅಂಗಡಿಯಲ್ಲಿರುತ್ತದೆ. ಅಲ್ಲಿ ಅದಕ್ಕಿಂತ ಮುಂಚೆ ಬಂದ ಹತ್ತು ಎಂಜಿನುಗಳಿರುತ್ತವೆ. ಕಲಸಿದ ಬೋರ್ಡೋ ದ್ರಾವಣ ಅಂದೇ ಮುಗಿಯಬೇಕಾದುದರಿಂದ ಮರುದಿನಕ್ಕೆ ಅದು ಕೆಲಸಕ್ಕೆ ಬಾರದು. ಕೊನೆಗಾರನ ಮುಂದಿನ ಸರದಿ ಬೇರೆಯವರ ತೋಟಕ್ಕೆ. ಮಳೆಯಂತೂ ಯಾರಿಗೂ ಕಾಯುವುದಿಲ್ಲ. 2025ರಲ್ಲಿ ಮುಂಗಾರು ಕೇರಳವನ್ನು ಪ್ರವೇಶಿಸಿದ್ದು ಮೇ 24ರಂದು. ವಾಡಿಕೆಯ ದಿನ ಜೂನ್ 1. ಒಂದು ವಾರದ ಅವಕಾಶವೇ ಕೈತಪ್ಪಿದ ಅಂತಹ ವರ್ಷದಲ್ಲಿ ಎರಡು ದಿನ ಕೆಟ್ಟು ಕುಳಿತ ಎಂಜಿನು ಎಷ್ಟು ದುಬಾರಿಯೆಂಬುದನ್ನು ಲೆಕ್ಕ ಹಾಕಬಹುದು.

ಇಲ್ಲಿ ತಿಳಿಯಬೇಕಾದ ಮುಖ್ಯ ವಿಷಯವೆಂದರೆ, ಎಂಜಿನು ಕೆಟ್ಟದ್ದು ಆ ದಿನವಲ್ಲ. ಹಿಂದಿನ ವರ್ಷ ಟ್ಯಾಂಕಿನಲ್ಲಿ ಅರ್ಧ ಲೀಟರು ಪೆಟ್ರೋಲು ಉಳಿಸಿ ಮೂಲೆಗೆ ಸರಿಸಿದಂದೇ ಅದು ಕೆಡಲು ಆರಂಭವಾಯಿತು. ಆದುದರಿಂದ ಭರಣಿ ಮಳೆಯ ದಿನಗಳಲ್ಲಿ, ಅಂದರೆ ಮೇ ಮೊದಲ ವಾರದೊಳಗೆ, ಎಂಜಿನನ್ನು ಹೊರತೆಗೆದು ಪರೀಕ್ಷಿಸತಕ್ಕದ್ದು. ಬಿಡಿಭಾಗ ಬೇಕಾದರೂ ತರಿಸಲು ಆಗ ಸಮಯವಿರುತ್ತದೆ.

ನಿಂತ ಪೆಟ್ರೋಲಿಗೆ ಏನಾಗುತ್ತದೆ?

ಪೆಟ್ರೋಲು ಒಂದೇ ವಸ್ತುವಲ್ಲ. ಬೇಗ ಆವಿಯಾಗುವ ಮತ್ತು ನಿಧಾನವಾಗಿ ಆವಿಯಾಗುವ ಹಲವು ತೈಲಾಂಶಗಳ ಮಿಶ್ರಣ. ತಣ್ಣಗಿರುವ ಎಂಜಿನ್ನು ಹೊತ್ತಿಕೊಳ್ಳಲು ಬೇಕಾದುದು ಬೇಗ ಆವಿಯಾಗುವ ಅಂಶ. ನಿಂತಲ್ಲಿ ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿ ವಾರ್ನಿಷಿನಂತಹ ಅಂಟಾಗುತ್ತದೆ. ಕಾರ್ಬ್ಯುರೇಟರಿನ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಅದನ್ನು ಮುಚ್ಚಲು ಒಂದು ತೊಟ್ಟು ಅಂಟು ಸಾಕು.

ಇದು ಹಳೆಯ ತೊಂದರೆ. ಹೊಸದೊಂದು ಸೇರಿಕೊಂಡಿದೆ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿಗೆ ಎಥನಾಲ್ ಬೆರೆತಿದ್ದು, ದೇಶದಲ್ಲಿ ಇದರ ಪ್ರಮಾಣ 2025ರಲ್ಲಿ ಶೇಕಡಾ 20ಕ್ಕೆ ತಲುಪಿತು. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡು ಮತ್ತು ಕರಾವಳಿಯ ಹವೆಯಲ್ಲಿ ತೇವಕ್ಕೆ ಕೊರತೆಯಿಲ್ಲವಷ್ಟೆ. ನೀರು ಒಂದು ಮಿತಿಯನ್ನು ದಾಟಿದೊಡನೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಹೋಗುವ ಕೊಳವೆಯಿರುವುದೂ ತಳದಲ್ಲಿಯೇ. ಹೀಗಾಗಿ ಟ್ಯಾಂಕಿನಲ್ಲಿ ಪೆಟ್ರೋಲು ಕಾಣುತ್ತಿದ್ದರೂ ಎಂಜಿನು ಕುಡಿಯುವುದು ನೀರು ಮಿಶ್ರಿತ ಎಥನಾಲನ್ನು. ಇದೇ ದ್ರವ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತು ಲೋಹವನ್ನು ತಿಂದು ಬಿಳಿಯ ಪುಡಿಯನ್ನುಂಟುಮಾಡುತ್ತದೆ. ಹಳೆಯ ಎಂಜಿನುಗಳ ರಬ್ಬರು ಕೊಳವೆ, ವಾಷರುಗಳು ಇದರಿಂದ ಉಬ್ಬುವುದೂ ಬಿರಿಯುವುದೂ ಉಂಟು.

ಹಗ್ಗಕ್ಕೆ ಕೈಹಾಕುವ ಮೊದಲು

ಎಂಜಿನನ್ನು ಹೊರತಂದ ತಕ್ಷಣ "ಒಮ್ಮೆ ಎಳೆದು ನೋಡೋಣ" ಎನ್ನುವುದು ಸಹಜ. ಇದೇ ಮೊದಲ ತಪ್ಪು. ಒಳಗೆ ಇಲಿ ಗೂಡು ಕಟ್ಟಿದ್ದರೆ ಅದರ ಚಿಂದಿ ಕಾರ್ಬ್ಯುರೇಟರಿಗೆ ಸೇರುತ್ತದೆ. ಸಿಲಿಂಡರಿನಲ್ಲಿ ತುಕ್ಕು ಹಿಡಿದಿದ್ದರೆ ಪಿಸ್ಟನ್ ರಿಂಗು ಗೀಚುತ್ತದೆ.

ಮೊದಲು ಹೊರಗಿನಿಂದ ನೋಡಬೇಕು. ಸೈಲೆನ್ಸರಿನ ಬಾಯಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುವುದು ತೀರ ಸಾಮಾನ್ಯ. ಹೊಗೆ ಹೋಗಲು ದಾರಿಯಿಲ್ಲದ ಎಂಜಿನು ಏನು ಮಾಡಿದರೂ ಚಾಲೂ ಆಗದು. ಏರ್ ಕ್ಲೀನರನ್ನು ಬಿಚ್ಚಿ ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಕೈಯಲ್ಲಿ ಹಿಡಿದರೆ ಪುಡಿಯಾಗುವಂತಿದ್ದರೆ ಬದಲಾಯಿಸಬೇಕು. ತಂಪುಗಾಳಿ ಹಾಯುವ ತಗಡಿನ ಹೊದಿಕೆಯ ಕೆಳಗೆ, ಸಿಲಿಂಡರಿನ ಎಲೆಗಳ ನಡುವೆ, ಇಲಿಗಳು ಕಾಗದ, ಗೋಣಿನಾರು ತುಂಬಿರುತ್ತವೆ. ಇದನ್ನು ಗಮನಿಸದೆ ಓಡಿಸಿದ ಎಂಜಿನು ಅರ್ಧ ಗಂಟೆ ಚೆನ್ನಾಗಿಯೇ ಓಡಿ, ಕಾದು, ಕಚ್ಚಿಕೊಂಡು ನಿಲ್ಲುತ್ತದೆ. ಪ್ಲಗ್ಗಿನ ವಯರನ್ನು ಉದ್ದಕ್ಕೂ ಬೆರಳಾಡಿಸಿ ಪರೀಕ್ಷಿಸಿ ಇಲಿಯ ಹಲ್ಲಿನ ಗುರುತಿದೆಯೇ ನೋಡಬೇಕು.

ನಂತರ ಟ್ಯಾಂಕಿನಲ್ಲಿರುವುದನ್ನೆಲ್ಲ ಒಂದು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿಯಬೇಕು. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು ಮತ್ತು ಎಥನಾಲ್. ಬಣ್ಣ ಕಂದಾಗಿದ್ದು ಬಣ್ಣದ ಅಂಗಡಿಯ ವಾಸನೆ ಬಂದರೆ ಪೆಟ್ರೋಲು ಕೆಟ್ಟಿದೆ. ಹಳೆಯದಕ್ಕೆ ಹೊಸದನ್ನು ಸುರಿದು "ಸರಿಮಾಡುವ" ಉಳಿತಾಯ ಬೇಡ, ಎರಡೂ ಹಾಳು. ತೆಗೆದ ಪೆಟ್ರೋಲನ್ನು ಬಾವಿಯ ಬಳಿಯಾಗಲಿ ಮರದ ಬುಡಕ್ಕಾಗಲಿ ಚೆಲ್ಲಬಾರದು. ಟ್ಯಾಂಕನ್ನು ಸ್ವಲ್ಪ ಹೊಸ ಪೆಟ್ರೋಲಿನಿಂದ ಕುಲುಕಿ ತೊಳೆದು, ಕಾಕಿನ ಕೆಳಗಿನ ಜಾಲರಿಯನ್ನೂ ಶುದ್ಧಮಾಡಬೇಕು. ಬಗ್ಗಿಸಿದರೆ ಬಿರುಕು ಕಾಣುವ ರಬ್ಬರು ಕೊಳವೆಯನ್ನು ಮುಲಾಜಿಲ್ಲದೆ ತೆಗೆದುಹಾಕಬೇಕು. ಈ ಕೆಲಸಗಳನ್ನು ಬಯಲಿನಲ್ಲಿ, ಒಲೆ, ಬೀಡಿ, ವಿದ್ಯುತ್ ಸ್ವಿಚ್ಚುಗಳಿಂದ ದೂರ ಮಾಡತಕ್ಕದ್ದು.

ಆಯಿಲ್ ನೋಡುವಾಗ ಎಂಜಿನು ಸಮತಟ್ಟಾದ ನೆಲದ ಮೇಲಿರಬೇಕು. ಇಲ್ಲಿ ಎರಡು ಸಂಗತಿಗಳು ಅನೇಕರಿಗೆ ತಿಳಿದಿಲ್ಲ. ಒಂದು, ಆಯಿಲ್ ಮಟ್ಟ ಕಡಿಮೆಯಾದರೆ ಕಿಡಿಯೇ ಬಾರದಂತೆ ತಡೆಯುವ ವ್ಯವಸ್ಥೆ ಇಂದಿನ ಹಲವು ಎಂಜಿನುಗಳಲ್ಲಿದೆ. ಇಂತಹ ಎಂಜಿನ್ನಿಗೆ ಪ್ಲಗ್ಗು ಬದಲಾಯಿಸಿ, ಕಾಯಿಲ್ ಬದಲಾಯಿಸಿ ಹಣ ಕಳೆದುಕೊಂಡ ನಂತರ ಬೇಕಾದದ್ದು ಕಾಲು ಲೀಟರು ಆಯಿಲ್ ಎಂದು ಗೊತ್ತಾಗುವುದುಂಟು. ಎರಡು, ಆಯಿಲ್ ಮಟ್ಟ ಹಾಕಿದ್ದಕ್ಕಿಂತ ಹೆಚ್ಚಾಗಿದ್ದು ಪೆಟ್ರೋಲಿನ ವಾಸನೆ ಬಂದರೆ, ಕಾಕನ್ನು ತೆರೆದಿಟ್ಟ ಕಾರಣ ಪೆಟ್ರೋಲು ಕಾರ್ಬ್ಯುರೇಟರಿನ ಮೂಲಕ ಒಳಗಿಳಿದಿದೆ ಎಂದರ್ಥ. ಅಂತಹ ಎಂಜಿನನ್ನು ಓಡಿಸಲೇಬಾರದು. ತೆಳುವಾದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಎರಡು ಸಂದರ್ಭಗಳಲ್ಲೂ ಆಯಿಲ್ ಪೂರ್ತಿ ಬದಲಾಯಿಸಬೇಕು. ಸ್ಪ್ರೇಯರಿಗೆ ಜೋಡಿಸುವ ಐದು ಅಶ್ವಶಕ್ತಿಯ ಆಸುಪಾಸಿನ ಎಂಜಿನುಗಳಲ್ಲಿ ಹಿಡಿಯುವುದು ಅರ್ಧ ಲೀಟರಿಗೆ ಸ್ವಲ್ಪ ಮೇಲೆ ಅಷ್ಟೆ. ವರ್ಷಕ್ಕೊಮ್ಮೆ ಬದಲಾಯಿಸುವುದು ಹೆಚ್ಚಿನ ಖರ್ಚೇನಲ್ಲ.

ಈಗ ಪ್ಲಗ್ಗನ್ನು ಬಿಚ್ಚಿ, ಆ ತೂತಿನಲ್ಲಿ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲನೆ ಎಳೆಯಬೇಕು. ಸರಾಗವಾಗಿ ತಿರುಗಿದರೆ ಒಳ್ಳೆಯದು. ಬಿಗಿಯಾಗಿದ್ದರೆ ಬಲ ಪ್ರಯೋಗಿಸದೆ, ಆಯಿಲ್ ಇಳಿಯಲು ಒಂದು ರಾತ್ರಿ ಬಿಟ್ಟು ಮರುದಿನ ಪ್ರಯತ್ನಿಸಬೇಕು. ಬಿಚ್ಚಿದ ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ಮಸಿ ತೆಗೆದು, ತುದಿಗಳ ಅಂತರವನ್ನು 0.7 ಮಿಲಿಮೀಟರಿನಷ್ಟಿಡಬೇಕು. ಕಿಡಿ ಪರೀಕ್ಷಿಸುವಾಗ ಪ್ಲಗ್ಗಿನ ಮರೆಯ ಭಾಗವನ್ನು ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ, ಸ್ವಿಚ್ಚು ಹಾಕಿ, ಹಗ್ಗ ಎಳೆದು ನೋಡಬೇಕು. ನೀಲಿ ಕಿಡಿ ಚಟ್ಟೆಂದು ಹಾರಿದರೆ ಸರಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಹೊರಬರುತ್ತಿರುವುದರಿಂದ ಕಿಡಿಯನ್ನು ಆ ತೂತಿನ ಬಳಿ ಹಿಡಿಯುವುದು ಅಪಾಯ. ಕಿಡಿ ಬಾರದಿದ್ದರೆ ಕಾಯಿಲನ್ನು ದೂಷಿಸುವ ಮೊದಲು, ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ವಯರು ಸವೆದು ಲೋಹಕ್ಕೆ ತಾಗುತ್ತಿದೆಯೇ ನೋಡುವುದು ಲೇಸು.

ಕಾರ್ಬ್ಯುರೇಟರು

ಬಟ್ಟಲಿನ ಅಡಿಯಲ್ಲಿ ಹಳೆಯದನ್ನು ಹೊರಬಿಡುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಹಳೆಯ ಪೆಟ್ರೋಲನ್ನು ಬಸಿದು, ಹೊಸ ಪೆಟ್ರೋಲನ್ನು ಸ್ವಲ್ಪ ಹರಿಯಬಿಡಬೇಕು. ಬಂದದ್ದು ಶುದ್ಧವಾಗಿದ್ದರೆ ಬಟ್ಟಲನ್ನು ಬಿಚ್ಚುವ ಅಗತ್ಯವಿಲ್ಲ. ಬಿಳಿ ಪುಡಿಯೋ ಕಂದು ಅಂಟೋ ಬಂದರೆ ಬಿಚ್ಚಲೇಬೇಕು. ಜೆಟ್ಟನ್ನು ತೆಗೆದು ಪೆಟ್ರೋಲಿನಲ್ಲಿ ಕೆಲವು ಗಂಟೆ ನೆನೆಸಿಟ್ಟು ಸೈಕಲ್ ಪಂಪಿನಿಂದ ಗಾಳಿ ಊದಬೇಕು; ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಸೂಜಿ, ಪಿನ್ನು, ಉಕ್ಕಿನ ತಂತಿ ತೂರಿಸುವುದು ಸರ್ವಥಾ ಕೂಡದು. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಎಂಜಿನು ಅಂದಿನಿಂದ ಹೆಚ್ಚು ಪೆಟ್ರೋಲು ಕುಡಿದು ಕಪ್ಪು ಹೊಗೆ ಬಿಡುತ್ತದೆ. ಗಾಳಿಗೆ ಜಗ್ಗದಿದ್ದರೆ ವಿದ್ಯುತ್ ವಯರಿನೊಳಗಿನ ತಾಮ್ರದ ಒಂದೇ ಒಂದು ಎಳೆಯನ್ನು ಬಳಸಬಹುದು. ಬಿಚ್ಚಿದ ವಾಷರು, ಸ್ಪ್ರಿಂಗುಗಳನ್ನು ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡುವ ಅಭ್ಯಾಸ ಒಳ್ಳೆಯದು. ಹುಲ್ಲಿನ ಮೇಲೆ ಬಿದ್ದ ಜೆಟ್ಟು ಸಿಕ್ಕುವುದು ಅದೃಷ್ಟವಿದ್ದವರಿಗೆ ಮಾತ್ರ.

ಕಾಕು ತೆರೆದೊಡನೆ ಪೆಟ್ರೋಲು ಸುರಿಯತೊಡಗಿದರೆ ಬಟ್ಟಲೊಳಗಿನ ಫ್ಲೋಟಿನ ಸೂಜಿ ಅಂಟಿಕೊಂಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ಎರಡು ತಟ್ಟಿದರೆ ಹಲವು ವೇಳೆ ಸರಿಹೋಗುತ್ತದೆ.

ಚಾಲೂ ಮಾಡುವುದು

ಒಂದು ತಿಂಗಳಿಗಿಂತ ಹಳೆಯದಲ್ಲದ ಪೆಟ್ರೋಲು ಹಾಕಿ, ಕಾಕು ತೆರೆದು ಒಂದೆರಡು ನಿಮಿಷ ಕಾಯಬೇಕು. ಖಾಲಿಯಾದ ಬಟ್ಟಲು ತುಂಬಲು ಅಷ್ಟು ಸಮಯ ಬೇಕು. ಪಂಪಿನ ಭಾರವಿಲ್ಲದಂತೆ ಬೆಲ್ಟನ್ನು ಸದ್ಯಕ್ಕೆ ತೆಗೆದಿಡುವುದು ಉತ್ತಮ. ಚೋಕ್ ಮುಚ್ಚಿ, ಥ್ರಾಟಲನ್ನು ಮೂರನೆಯ ಒಂದರಷ್ಟು ತೆರೆದು, ಹಗ್ಗವನ್ನು ತಡೆ ಸಿಕ್ಕುವವರೆಗೆ ನಿಧಾನವಾಗಿ, ಅಲ್ಲಿಂದ ಒಂದೇ ಬೀಸಿಗೆ ಎಳೆಯಬೇಕು. ಹಿಂದಕ್ಕೆ ಹೋಗುವ ಹಗ್ಗವನ್ನು ಕೈಬಿಡದೆ ಜೊತೆಗೇ ಬಿಟ್ಟುಕೊಡಬೇಕು. ಕೊಟ್ಟಿಗೆಯ ಒಳಗೆ ಬಾಗಿಲು ಮುಚ್ಚಿ ಎಂಜಿನು ಓಡಿಸುವುದು ಪ್ರಾಣಕ್ಕೇ ಎರವಾದೀತು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಐದಾರು ಸಲ ಎಳೆದರೂ ಆಗದಿದ್ದರೆ ತೋಳಿನ ಬಲವನ್ನು ನಂಬದೆ ಮತ್ತೆ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಮುಂದೇನು ಮಾಡಬೇಕೆಂಬುದನ್ನು ಪ್ಲಗ್ಗೇ ಹೇಳುತ್ತದೆ. ತುದಿ ಒಣಗಿದ್ದರೆ ಪೆಟ್ರೋಲು ಒಳಗೆ ಬರುತ್ತಿಲ್ಲ. ಕಾಕು, ಕೊಳವೆ, ಜೆಟ್ಟು ಈ ಕ್ರಮದಲ್ಲಿ ಹುಡುಕಬೇಕು. ತುದಿ ಒದ್ದೆಯಾಗಿದ್ದು ಪೆಟ್ರೋಲಿನ ವಾಸನೆ ಬಂದರೆ ಅಗತ್ಯಕ್ಕಿಂತ ಹೆಚ್ಚು ಬಂದಿದೆ. ಆಗ ಕಾಕು ಮುಚ್ಚಿ, ಸ್ವಿಚ್ಚು ತೆಗೆದು, ಚೋಕ್ ಪೂರ್ತಿ ತೆರೆದು, ಪ್ಲಗ್ಗಿಲ್ಲದೆ ಏಳೆಂಟು ಸಲ ಎಳೆದು ಒಳಗಿನ ಪೆಟ್ರೋಲನ್ನು ಹಾರಿಸಿ, ಪ್ಲಗ್ಗನ್ನು ಒಣಗಿಸಿ ಹಾಕಿದರೆ ಸಾಮಾನ್ಯವಾಗಿ ಹತ್ತಿಕೊಳ್ಳುತ್ತದೆ. ಒದ್ದೆಯಿದ್ದರೂ ಪೆಟ್ರೋಲಿನ ವಾಸನೆ ಮಂದವಾಗಿ ನೀರಿನ ಹನಿಗಳು ಕಂಡರೆ ಟ್ಯಾಂಕು ಸರಿಯಾಗಿ ಖಾಲಿಯಾಗಿಲ್ಲ.

ಚಾಲೂ ಆದ ಮೊದಲ ಒಂದೆರಡು ನಿಮಿಷ ಬೆಳ್ಳಗೆ ಹೊಗೆ ಬಂದರೆ ಗಾಬರಿಯಾಗಬೇಕಿಲ್ಲ. ಪ್ಲಗ್ಗಿನ ತೂತಿನಲ್ಲಿ ಬಿಟ್ಟ ಆಯಿಲ್ ಸುಡುತ್ತಿದೆ. ಚೋಕನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ ಹೋಗಬೇಕು. ಚೋಕ್ ಮುಚ್ಚಿದ್ದರೆ ಮಾತ್ರ ಓಡಿ, ತೆರೆದೊಡನೆ ಸಾಯುವ ಎಂಜಿನ್ನಿನ ಜೆಟ್ಟು ಅರ್ಧ ಮುಚ್ಚಿದೆ. ಅದನ್ನು ಹಾಗೆಯೇ ಚೋಕಿನಲ್ಲಿ ದಿನವಿಡೀ ಓಡಿಸುವವರಿದ್ದಾರೆ. ಇದು ಎಂಜಿನನ್ನು ಬೇಗ ಸವೆಸುವ ದಾರಿ. ಐದು ನಿಮಿಷ ಓಡಿ ನಿಂತು, ಸ್ವಲ್ಪ ಬಿಟ್ಟು ಮತ್ತೆ ಐದು ನಿಮಿಷ ಓಡಿದರೆ ಟ್ಯಾಂಕಿನ ಮುಚ್ಚಳದ ಗಾಳಿತೂತನ್ನು ನೋಡಬೇಕು. ಅದು ಕಟ್ಟಿಕೊಂಡಿದ್ದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ.

ಪಂಪು ಮತ್ತು ಪೈಪು

ಎಂಜಿನು ಓಡಿತೆಂದು ಪಂಪನ್ನು ಮರೆಯುವಂತಿಲ್ಲ. ಕಳೆದ ವರ್ಷದ ಸುಣ್ಣ, ಮೈಲುತುತ್ತು ಒಣಗಿ ವಾಲ್ವುಗಳನ್ನು ಅಂಟಿಸಿರುತ್ತವೆ. ಪಂಪಿನ ಆಯಿಲ್ ನೋಡಿ, ಗ್ರೀಸ್ ಕಪ್ಪುಗಳನ್ನು ತುಂಬಿ, ಬೆಲ್ಟು ಹಾಕಿ, ಒತ್ತಡದ ರೆಗ್ಯುಲೇಟರನ್ನು ಪೂರ್ತಿ ಸಡಿಲಿಸಿ, ಶುದ್ಧ ನೀರಿನಲ್ಲಿ ಹತ್ತು ನಿಮಿಷ ಓಡಿಸಬೇಕು. ನೀರಿಲ್ಲದೆ ಒಣಗಿದ ಪಂಪನ್ನು ಒಂದು ನಿಮಿಷವೂ ಓಡಿಸಬಾರದು. ನಂತರ ಒತ್ತಡವನ್ನು ಹಂತಹಂತವಾಗಿ ಏರಿಸುತ್ತ ಪೈಪನ್ನು ನೆಲದ ಮೇಲೆ ಉದ್ದಕ್ಕೆ ಬಿಡಿಸಿಟ್ಟು, ದೂರದಿಂದ ಗಮನಿಸಬೇಕು. ಇಲಿ ಕಡಿದ ಜಾಗ, ಉಬ್ಬಿದ ಜಾಗ, ಕ್ಲಿಪ್ಪು ಜಾರುವ ಜಾಗ ಆಗಲೇ ಕಾಣುತ್ತವೆ. ಈ ಪರೀಕ್ಷೆಯನ್ನು ಬಿಡಬಾರದೆಂಬುದಕ್ಕೆ ಕಾರಣ ಬೇರೆ ಹೇಳಬೇಕಿಲ್ಲ. ನಲವತ್ತು ಅಡಿ ಎತ್ತರದಲ್ಲಿ, ಜಾರುವ ಮರಕ್ಕೆ ಕಾಲು ಕೊಟ್ಟು ನಿಂತ ಕೊನೆಗಾರನ ಕೈಯಲ್ಲಿ ಪೈಪು ಒಡೆದರೆ ಆಗುವ ಅನಾಹುತ ಬೆಳೆನಷ್ಟದ ಲೆಕ್ಕಕ್ಕೆ ಬರುವಂತಹುದಲ್ಲ.

ಕಳೆ ಕೊಚ್ಚುವ ಯಂತ್ರ

ಹೆಗಲಿಗೆ ಹಾಕುವ ಎರಡು ಸ್ಟ್ರೋಕಿನ ಕಳೆ ಕೊಚ್ಚುವ ಯಂತ್ರಕ್ಕೂ ಮೇಲಿನದೇ ಕ್ರಮ, ವ್ಯತ್ಯಾಸ ಎರಡು. ಇದರಲ್ಲಿ ಆಯಿಲ್ ಪೆಟ್ರೋಲಿನೊಡನೆಯೇ ಬೆರೆಯುವುದರಿಂದ ಪ್ರಮಾಣ ತಪ್ಪಬಾರದು. ಒಂದು ಲೀಟರ್ ಪೆಟ್ರೋಲಿಗೆ 25ಕ್ಕೆ 1ರ ಪ್ರಮಾಣವೆಂದರೆ 40 ಮಿಲಿಲೀಟರು, 50ಕ್ಕೆ 1ರ ಪ್ರಮಾಣವೆಂದರೆ 20 ಮಿಲಿಲೀಟರು. ಯಾವುದೆಂಬುದನ್ನು ಯಂತ್ರದ ಪುಸ್ತಿಕೆಯಲ್ಲಿ ನೋಡಬೇಕು, ಪಕ್ಕದ ಮನೆಯವರನ್ನು ಕೇಳಿದರೆ ಸಾಲದು. ಎರಡನೆಯದು, ಇವುಗಳ ಕಾರ್ಬ್ಯುರೇಟರಿನಲ್ಲಿ ಬಟ್ಟಲಿನ ಬದಲು ತೆಳುವಾದ ಪೊರೆಯಿದ್ದು, ನಿಂತ ಇಂಧನದಿಂದ ಅದು ಕಾಗದದಂತೆ ಗಡುಸಾಗುತ್ತದೆ. ಗಡುಸಾದುದನ್ನು ಸರಿಪಡಿಸಲಾಗದು, ಬದಲಾಯಿಸಬೇಕು.

ಮತ್ತೆ ಎತ್ತಿಡುವಾಗ

ಕೊನೆಯ ಸಿಂಪರಣೆ ಮುಗಿದ ಸಂಜೆ ಅರ್ಧ ಗಂಟೆ ಕೊಟ್ಟರೆ ಮೇಲೆ ಹೇಳಿದುದರ ಬಹುಪಾಲು ಬೇಕಾಗುವುದಿಲ್ಲ. ಪಂಪಿನಲ್ಲಿ ಶುದ್ಧ ನೀರು ಓಡಿಸಿ ದ್ರಾವಣವನ್ನು ಪೂರ್ತಿ ತೊಳೆದುಬಿಡಬೇಕು. ಟ್ಯಾಂಕನ್ನು ಖಾಲಿಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನಲ್ಲಿ ಉಳಿದದ್ದನ್ನೂ ಬಸಿಯಬೇಕು. ತುಕ್ಕು ಹಿಡಿಯದಿರಲೆಂದು ಟ್ಯಾಂಕನ್ನು ಕಂಠಮಟ್ಟ ತುಂಬಿಡುವ ಪದ್ಧತಿಯೊಂದು ಹಿಂದೆ ಇತ್ತು. ಎಥನಾಲ್ ಬೆರೆತ ಪೆಟ್ರೋಲಿಗೆ ಮಲೆನಾಡಿನ ಹವೆಯಲ್ಲಿ ಅದು ಹೊಂದುವುದಿಲ್ಲ. ಖಾಲಿಮಾಡಿ ಒಳಗೆ ಸ್ವಲ್ಪ ಆಯಿಲ್ ಕುಲುಕಿಡುವುದೇ ಮೇಲು. ಪ್ಲಗ್ಗಿನ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು, ಎರಡು ಸಲ ಎಳೆದು, ಪ್ಲಗ್ಗು ಹಾಕಿ, ಹಗ್ಗದಲ್ಲಿ ತಡೆ ಸಿಕ್ಕುವ ಜಾಗದಲ್ಲಿ ನಿಲ್ಲಿಸಬೇಕು. ಆ ಸ್ಥಿತಿಯಲ್ಲಿ ಎರಡು ವಾಲ್ವುಗಳೂ ಮುಚ್ಚಿಕೊಂಡು ಸಿಲಿಂಡರಿಗೆ ತೇವ ಹೋಗುವುದಿಲ್ಲ. ಬೆಲ್ಟು ಸಡಿಲಿರಲಿ.

ಇಡುವ ಜಾಗ ಯಾವುದೆಂಬುದೂ ಮುಖ್ಯ. ಅನೇಕ ಮನೆಗಳಲ್ಲಿ ಸ್ಪ್ರೇಯರಿನ ನೆರೆಯವರು ಪೊಟ್ಯಾಷ್ ಮತ್ತು ಯೂರಿಯಾ ಚೀಲಗಳು. ಇವೆರಡೂ ತೇವ ಎಳೆಯುವ ಗೊಬ್ಬರಗಳು. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ಲೋಹಕ್ಕೆ ಅಡಿಗೆ ಉಪ್ಪಿನಷ್ಟೇ ಕೆಟ್ಟದ್ದು. ಭತ್ತ, ಅಡಿಕೆ ಮೂಟೆಗಳ ಪಕ್ಕದಲ್ಲಿಟ್ಟರೆ ಇಲಿಗಳಿಗೆ ಊಟದ ಹತ್ತಿರವೇ ಮನೆ. ನೆಲದಿಂದ ಎತ್ತರದ ಹಲಗೆಯ ಮೇಲೆ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಮರೆಯದಂತೆ ಆ ಬಟ್ಟೆಯ ತುದಿಯನ್ನು ಹೊರಗೆ ಕಾಣುವಂತೆ ಬಿಟ್ಟು ಇಡಬೇಕು. ಆಯಿಲ್ ಬದಲಾಯಿಸಿದ ತಾರೀಖು, ತರಬೇಕಾದ ವಾಷರು, ಪ್ಲಗ್ಗು ಇವನ್ನು ಒಂದು ರಟ್ಟಿನ ಚೀಟಿಯಲ್ಲಿ ಬರೆದು ಹಗ್ಗದ ಹಿಡಿಕೆಗೆ ಕಟ್ಟಿದರೆ, ಮುಂದಿನ ಭರಣಿಗೆ ಹಗ್ಗ ಎಳೆಯಲು ಬಂದ ಕೈಗೆ ಮೊದಲು ಸಿಕ್ಕುವುದು ಆ ಚೀಟಿ.